ಮೂರನೆಯ ಸಾಲಿನ ಸಸಿಗಳು

"ಹಿಂದಕ್ಕೆ ತಗಿ ಮಾರಾಯ, ಇನ್ನೂ ಹಿಂದಕ್ಕೆ" ಎಂದು ಜವರಯ್ಯ ಲಾರಿಯವನಿಗೆ ಕೂಗಿದ. ಚಟ್ಟದ ಮುಂದಿನ ಬಿದಿರು ಅವನ ಬಲಹೆಗಲ ಮೇಲಿತ್ತು. ಕೈ ಬೀಸಿ ದಾರಿ ತೋರಿಸೋಣವೆಂದರೆ ಎಡಗೈಯೊಂದೇ ಖಾಲಿ. ಎಸ್ಟೇಟಿನ ರಸ್ತೆ ಒಂದು ಲಾರಿಗೆ ಹಿಡಿಸುವಷ್ಟೇ ಅಗಲ, ಒಂದು ಮಗ್ಗುಲಿಗೆ ಕಡಿದ ಮಣ್ಣಿನ ದರೆ, ಇನ್ನೊಂದು ಮಗ್ಗುಲಿಗೆ ಇಳಿಜಾರು. ಹೊರಟ ಹೆಣ ಹಿಂದಕ್ಕೆ ಹೋಗುವಂತಿಲ್ಲ. ಆದ್ದರಿಂದ ಲಾರಿಯೇ ಹೋಗಬೇಕು. ತಮಟೆಯವರಂತೂ ನಿಂತಲ್ಲೇ ನಿಂತು ಇನ್ನಷ್ಟು ಜೋರಾಗಿ ಬಾರಿಸತೊಡಗಿದರು.

ಲಾರಿಯಿಂದ ಕಡಲಿನ ವಾಸನೆ ಹೊಡೆಯುತ್ತಿತ್ತು. ಘಟ್ಟದ ಮೇಲಿನ ಜಾವಳಿಯಲ್ಲಿ ಕಡಲಿನ ವಾಸನೆ ಬಂದರೆ ಹೊಸಬರು ಬೆಚ್ಚಬೇಕು, ಇಲ್ಲಿನವರಿಗೆ ಎರಡು ವರ್ಷದಿಂದ ಅದು ರೂಢಿ. ಮಳೆಗಾಲ ಕಳೆದ ಮೇಲೆ ಕರಾವಳಿಯ ದಡಕ್ಕೆ ಆಳೆತ್ತರ ಬಂದು ಬೀಳುವ ಕಡಲಪಾಚಿ ಅದು. ಮಂಗಳೂರು ಬಂದರಿಗೆ ಕಾಫಿ ಇಳಿಸಿ ಬರಿಗೈಯಲ್ಲಿ ಬರುವ ಲಾರಿಗಳು ಚಾರ್ಮಾಡಿ ಘಾಟಿ ಹತ್ತಿಸಿ ಅದನ್ನು ಗೊಬ್ಬರಕ್ಕೆಂದು ತರುತ್ತಿದ್ದವು. ಲಾರಿಯ ಮೇಲಿದ್ದ ಸರಕಿನ ಗುಟ್ಟನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಈಗ ಚಟ್ಟದ ಮೇಲೆ ಮಲಗಿದ್ದ. ನರ್ಸರಿಯಲ್ಲಿ ಮೂವತ್ತು ವರ್ಷ ಕಾಫಿ ಸಸಿ ಬೆಳೆಸಿದ ಕೆಂಚಯ್ಯ, ನಿನ್ನೆ ಬೆಳಿಗ್ಗೆ ಮಡಿಗಳಿಗೆ ನೀರು ಹಾಕುತ್ತಾ ಹಾಗೇ ಕುಳಿತವನು ಮತ್ತೆ ಏಳಲಿಲ್ಲ.

ಲಾರಿಯ ಹಿಂದಿದ್ದ ಜೀಪಿನಿಂದ ಐತಾಳ ಮೇಷ್ಟ್ರು ಇಳಿದು ಓಡೋಡಿ ಬಂದರು. ಕರಾವಳಿಯ ಕಾಲೇಜೊಂದರಲ್ಲಿ ಪಾಚಿಯ ಮೇಲೆ ಸಂಶೋಧನೆ ಮಾಡುವವರು ಅವರು. ಜೊತೆಗೆ ಅಲ್ಲಿನ ಮೀನುಗಾರ ಹೆಂಗಸರ ಸಂಘದ ಸೀತಕ್ಕನೂ ಇದ್ದಳು. ಚಟ್ಟದ ಮೇಲಿನ ಮುಖ ನೋಡಿದ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಶುಭಸುದ್ದಿ ಹೇಳಲು ಬಂದವರಿಗೆ ಎದುರಾದದ್ದು ಇದು. ಆದರೆ ಸುದ್ದಿ ಹೊಟ್ಟೆಯಲ್ಲಿ ನಿಲ್ಲುವಂಥದ್ದಲ್ಲ. ಕಣ್ಣೊರೆಸಿಕೊಳ್ಳುತ್ತಲೇ ಅವರು ಎಸ್ಟೇಟಿನ ಯಜಮಾನರಾದ ರಾಜೀವ್ ಗೌಡರಿಗೆ ಎಲ್ಲವನ್ನೂ ಹೇಳಿಬಿಟ್ಟರು. ಕೆಂಚಯ್ಯ ಬೆಳೆಸಿದ ಮೂರನೆಯ ಸಾಲಿನ ಫಲಿತಾಂಶವನ್ನು ಎಲ್ಲರೂ ಒಪ್ಪಿದ್ದಾರಂತೆ. ಪಾಚಿಯನ್ನು ಮೂರು ದಿನ ತೊಟ್ಟಿಯಲ್ಲಿ ನೆನೆಹಾಕಿ ಉಪ್ಪು ತೆಗೆಯುವ ರಗಳೆ ಈ ಸೀಮೆಗೆ ಬೇಕಿಲ್ಲವಂತೆ. ಕಳಸದ ಐದು ಎಸ್ಟೇಟುಗಳು ಹಸಿ ಪಾಚಿಯನ್ನೇ ಕೇಳಿವೆಯಂತೆ. ಈ ಲಾರಿ ಇಲ್ಲಿಂದ ನೇರ ಅಲ್ಲಿಗೆ. ನಾಳೆ ಬೆಳಿಗ್ಗೆಯೇ ನಲವತ್ತು ಸಾವಿರ ಸಸಿಗಳ ಬುಡಕ್ಕೆ ಬೀಳುತ್ತದಂತೆ.

ಇಷ್ಟು ಕೇಳಿದ್ದೇ ಜವರಯ್ಯನ ಹೆಗಲ ಮೇಲಿನ ಕೆಂಚಯ್ಯ ಇದ್ದಕ್ಕಿದ್ದಂತೆ ಭಾರವಾದ.

*

ಎರಡು ವರ್ಷದ ಹಿಂದೆ ಮೇಷ್ಟ್ರು ಮೊದಲ ಸಲ ಬಂದಾಗ ನರ್ಸರಿಯಲ್ಲಿ ಮೂರು ಸಾಲು ಮಾಡಿಸಿದ್ದರು. ಮೊದಲನೆಯದಕ್ಕೆ ಸಗಣಿ ಗೊಬ್ಬರ. ಎರಡನೆಯದಕ್ಕೆ ನೆನೆಸಿ ತೊಳೆದ ಪಾಚಿ. ಮೂರನೆಯದಕ್ಕೆ ಉಪ್ಪಿನ ಸಮೇತ ಬಂದ ಹಸಿ ಪಾಚಿ. ಮೂರನೆಯ ಸಾಲು ಬಹುಶಃ ಸುಟ್ಟುಹೋಗುತ್ತದೆ, ಎಷ್ಟು ದಿನಕ್ಕೆ ಸುಡುತ್ತದೆಂದು ನೋಡಬೇಕು ಎಂದು ಅವರು ವಿವರಿಸಿದರು. ಕೆಂಚಯ್ಯ ಎಲ್ಲದಕ್ಕೂ ತಲೆಯಾಡಿಸಿದ. ದೊಡ್ಡವರ ಮುಂದೆ ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಜೀಪು ತಿರುವು ದಾಟಿದ ಮೇಲೆ ಮಾತ್ರ ಜವರಯ್ಯನ ಹತ್ತಿರ ಬಂದು ನಿಂತ.

"ಸಾಯ್ತದೆ ಅಂತ ಗೊತ್ತಿದ್ದೂ ಸಸಿ ನೆಡೋದೇನೋ? ನಂಗೆ ಸಂಬಳ ಕೊಡೋದು ಬದುಕ್ಸಕ್ಕೆ."

ನಾಲ್ಕೇ ದಿನಕ್ಕೆ ಮೂರನೆಯ ಸಾಲಿನ ಎಲೆಯಂಚುಗಳು ಕಂದಿದವು. ಕೆಂಚಯ್ಯ ಎರಡು ಹೊತ್ತು ಊಟ ಬಿಟ್ಟ. ಐದನೆಯ ದಿನ ಬೆಳ್ಳಂಬೆಳಗ್ಗೆ ಬಂದು ಜವರಯ್ಯನನ್ನು ಎಬ್ಬಿಸಿಕೊಂಡು ಹೋದ. ಕಂದಿದ ಸಸಿಗಳನ್ನು ಕಿತ್ತು, ಅಷ್ಟೇ ಎತ್ತರದ ಬೇರೆ ಸಸಿಗಳನ್ನು ಇಟ್ಟರು. ಅಂದಿನಿಂದ ಆ ಸಾಲಿನ ಪಾಲಿನ ಪಾಚಿಯನ್ನು ಕುಕ್ಕೆಗೆ ತುಂಬಿ, ಕೆಲಸದ ಗಂಟೆ ಹೊಡೆಯುವ ಮೊದಲೇ ಹಳ್ಳಕ್ಕೆ ಒಯ್ದು ತೊಳೆದು ತಂದು ಹಾಕುವುದು ಇವರಿಬ್ಬರ ಕಳ್ಳಕೆಲಸವಾಯಿತು. ಮಾಗಿ ಚಳಿಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ಹಲ್ಲು ಕಟಕಟಿಸುತ್ತಾ ಇಬ್ಬರೂ ಹುಡುಗರ ಹಾಗೆ ನಗುತ್ತಿದ್ದರು. ಅಷ್ಟು ಖುಷಿಯನ್ನು ಜವರಯ್ಯ ತನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಮೂರನೆಯ ಸಾಲು ಎದ್ದು ನಿಂತಿತು. ಮೇಷ್ಟ್ರು ಬಂದು ಎಲೆ ಎಣಿಸಿ, ಕಾಂಡ ಅಳೆದು ಬೆರಗಾದರು. ಕರಾವಳಿಯಲ್ಲಿ ಇದೇ ಪ್ರಯೋಗ ಮಾಡಿದ ಎರಡು ಕಡೆಯೂ ಸಸಿಗಳು ಸುಟ್ಟು ಕರಕಲಾಗಿದ್ದವು. ಜಾವಳಿಯ ಮಣ್ಣಿನಲ್ಲೇ ಏನೋ ಇದೆ, ಅದು ಉಪ್ಪನ್ನು ನುಂಗುತ್ತದೆ ಎಂದು ಅವರು ಬರೆದುಕೊಂಡರು. ಈಗಲಾದರೂ ಹೇಳಿಬಿಡೋಣವೆಂದು ಜವರಯ್ಯ ಒಂದು ಸಲ ಹೇಳಿ ನೋಡಿದ. ಹೇಳಿದರೆ ಮತ್ತೆ ಮೊದಲಿಂದ ಸುಡಿಸುತ್ತಾರೆ ಎಂದ ಕೆಂಚಯ್ಯ, ಅವನ ಕೈ ಹಿಡಿದು ಒಂದು ಸಸಿಯ ಮೇಲಿಟ್ಟು ಆಣೆ ಹಾಕಿಸಿದ.

ತೊಳೆಯದ ಪಾಚಿಯನ್ನು ಯಾರಾದರೂ ನಂಬಿ ಸಸಿಗೆ ಹಾಕಿಯಾರೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಉಪ್ಪು ಹಾಕಿದರೆ ಗಿಡ ಸಾಯುತ್ತದೆಂದು ಕೂಸಿಗೂ ಗೊತ್ತು. ಓದಿದವರಿಗೆ ಗೊತ್ತಿರುವುದಿಲ್ಲವೆಂದು ಇವರಿಗೆ ಹೇಗೆ ಗೊತ್ತಾಗಬೇಕು?

*

ಹಳ್ಳದ ಮೇಲಿನ ಬಿದಿರುಮೆಳೆಯ ಪಕ್ಕದಲ್ಲಿ ಗುಂಡಿ ತಯಾರಾಗಿತ್ತು. ಹಿಂದಕ್ಕೆ ಸರಿಯುತ್ತಾ ಬಂದ ಲಾರಿಯೂ ಅಲ್ಲೇ ಅಗಲವಾದ ಕಡೆ ನಿಂತಿತು. ಡ್ರೈವರ್ ಇಳಿಯಲೂ ಇಲ್ಲ. ಮಣ್ಣು ಮುಗಿದ ಕೂಡಲೇ ಕಳಸಕ್ಕೆ ಹೊರಡುವ ಅವಸರ ಅವನದು. ಕೆಂಚಯ್ಯನನ್ನು ಇಳಿಸಿದ ಮೇಲೆ ಜವರಯ್ಯನಿಗೆ ಗುಂಡಿಯನ್ನು ನೋಡಬೇಕೋ ಲಾರಿಯನ್ನು ನೋಡಬೇಕೋ ತಿಳಿಯಲಿಲ್ಲ. ಬಾಯಿ ಬಿಟ್ಟರೆ, ಮಣ್ಣು ಬೀಳುವ ಮೊದಲೇ ಗೆಳೆಯನಿಗೆ ಮೋಸಗಾರನೆಂಬ ಹೆಸರು. ಬಿಡದಿದ್ದರೆ, ನಲವತ್ತು ಸಾವಿರ ಸಸಿ ಭಸ್ಮ.

ಅವರ ಪೈಕಿ ಹೂಳುವಾಗ ಬಂದವರೆಲ್ಲ ಒಂದೊಂದು ಹಿಡಿ ಉಪ್ಪು ಹಾಕುವುದು ವಾಡಿಕೆ. ಕೆಂಚಯ್ಯನ ಹೆಂಡತಿ ಯಲ್ಲಮ್ಮ ಮೊದಲು ಹಾಕಿದಳು. ಗೌಡರು ಹಾಕಿದರು. ಸೀತಕ್ಕ ಕಡಲಿನ ಕಡೆಯವಳು, ಉಪ್ಪನ್ನು ಕಣ್ಣಿಗೊತ್ತಿಕೊಂಡು, "ಹೋಯಿ ಬನ್ನಿ ಅಣ್ಣ" ಎಂದು ಹಾಕಿದಳು. ದಡದಲ್ಲಿ ಪಾಚಿ ಕೊಳೆತು, ಬಲೆ ಎಳೆಯಲು ಜಾಗವಿಲ್ಲದೆ ಕೈಕಟ್ಟಿ ಕುಳಿತಿದ್ದ ತಮಗೆ ಈ ಮನುಷ್ಯನಿಂದಲೇ ದಾರಿಯಾಯಿತೆಂದು ಅವಳು ಪಕ್ಕದವರಿಗೆ ಹೇಳಿದಳು. ಮೇಷ್ಟ್ರು ಹಿಡಿ ತುಂಬ ಉಪ್ಪು ತೆಗೆದುಕೊಂಡರು. ಉಪ್ಪಿಗೇ ಬುದ್ಧಿ ಕಲಿಸಿದ ಮನುಷ್ಯ ಇವರು ಎನ್ನುತ್ತಾ ಹಾಕಿದರು.

ಕೊನೆಗೆ ಜವರಯ್ಯನ ಸರದಿ. ಹಿಡಿದ ಉಪ್ಪು ಕೈಯಿಂದ ಬೀಳಲಿಲ್ಲ. ಆಣೆ ಹಾಕಿದ್ದು ಸಸಿ ಮುಟ್ಟಿ. ಸಸಿಯೇ ಸಾಯುವ ಹೊತ್ತಿನಲ್ಲಿ ಸಸಿಯ ಆಣೆಗೆ ಏನು ಬೆಲೆ ಎಂದು ಅವನಿಗನಿಸಿತು.

"ಸ್ವಾಮಿ, ಆ ಲಾರಿ ಕಳಸಕ್ಕೆ ಹೋಗ್‌ಬಾರ್ದು" ಎಂದ. "ಮೂರನೇ ಸಾಲಿಗೆ ಹಸಿ ಪಾಚಿ ಬಿದ್ದೇ ಇಲ್ಲ. ನಾವಿಬ್ರೂ ಹಳ್ಳದಲ್ಲಿ ತೊಳ್ದು ಹಾಕ್ತಿದ್ವಿ. ಇವ್ನು ಮೋಸಗಾರ ಅಲ್ಲ. ಸಸಿ ಸಾಯೋದು ನೋಡಕ್ಕಾಗ್ಲಿಲ್ಲ, ಅಷ್ಟೇ."

ತಮಟೆ ನಿಂತಿತು. ಗೌಡರ ಮುಖ ಕೆಂಪಾಯಿತು. ಈ ಫಲಿತಾಂಶವನ್ನು ಮೂಡಿಗೆರೆಯಲ್ಲೆಲ್ಲ ಹೇಳಿಕೊಂಡು ಮೆರೆದವರು ಅವರು. ಎರಡು ವರ್ಷ ತಮ್ಮನ್ನು ಮಂಗ ಮಾಡಿದಿರಾ ಎಂದು ಅವರು ಶುರುಮಾಡುವಷ್ಟರಲ್ಲಿ ಯಲ್ಲಮ್ಮ ಗುಂಡಿಯ ಅಂಚಿಗೆ ಬಂದಳು.

"ಪಾಚಿ ತೊಳ್ಯಕ್ಕಾ ಹೋಗ್ತಿದ್ದಿದ್ದು?" ಎಂದು ಅವಳು ಕೇಳಿದ್ದು ಜವರಯ್ಯನನ್ನಲ್ಲ, ಕೆಳಗೆ ಮಲಗಿದ್ದವನನ್ನು. "ದಿನಾ ಬೆಳಿಗ್ಗೆ ಒದ್ದೆ ಪಂಚೇಲಿ ಬರೋದು ನೋಡಿ, ಹಳ್ಳದಾಚೆ ಯಾವಳೋ ಇದಾಳೆ ಅಂತ ಎರಡು ವರ್ಷ ಹೊಟ್ಟೆ ಉರ್ಕಂಡ್ನಲ್ಲೋ."

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು. ತಡೆದುಕೊಳ್ಳಲು ಸೆರಗು ಬಾಯಿಗಿಟ್ಟುಕೊಂಡಳು, ಆಗಲಿಲ್ಲ. ತಮಟೆಯವನೊಬ್ಬ ನಕ್ಕ, ಸೀತಕ್ಕ ನಕ್ಕಳು, ಕೊನೆಗೆ ಗೌಡರೂ ಮುಖ ತಿರುಗಿಸಿಕೊಂಡು ನಕ್ಕರು. ಸತ್ತವರ ಮನೆಯಲ್ಲಿ ನಗಬಾರದು ನಿಜ. ಆದರೆ ಆ ನಗುವಿನ ಬಾಲ ಹಿಡಿದುಕೊಂಡೇ ಯಲ್ಲಮ್ಮನಿಗೆ ಅಳು ಬಂತು. ನಿನ್ನೆಯಿಂದ ಬಿಗಿದುಕೊಂಡಿದ್ದವಳು ಈಗ ಮನಸಾರೆ ಅತ್ತಳು.

ಮೇಷ್ಟ್ರು ಮಾತ್ರ ನಗಲಿಲ್ಲ. ಅಗೆದ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕುಳಿತು, ಬರೆದದ್ದನ್ನೆಲ್ಲ ಹರಿಯಬೇಕು, ಐದೂ ಎಸ್ಟೇಟಿಗೆ ಹೋಗಿ ತಪ್ಪಾಯಿತೆಂದು ಹೇಳಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಸೀತಕ್ಕನ ಮುಖವೂ ಬಾಡಿತು. ಫೆಬ್ರವರಿ ತಿಂಗಳಲ್ಲಿ ಮೂರು ದಿನ ತೊಟ್ಟಿ ತುಂಬಿಸಿಡುವಷ್ಟು ನೀರು ಯಾರ ಹತ್ತಿರವಿದೆ? ನೆನೆಸಲೇಬೇಕೆಂದರೆ ಯಾರೂ ಪಾಚಿ ಕೇಳುವುದಿಲ್ಲ, ದಡದ ಪಾಚಿ ದಡದಲ್ಲೇ. ಜವರಯ್ಯ ತಲೆ ತಗ್ಗಿಸಿ ನಿಂತ. ಇದ್ದಕ್ಕಿದ್ದಂತೆ ಮೇಷ್ಟ್ರು ತಲೆಯೆತ್ತಿದರು.

"ಗಂಟೆ ಹೊಡೆಯೋ ಮೊದಲೇ ಮುಗಿಸ್ತಿದ್ರಾ? ಮೂರು ದಿನ ನೆನೆಹಾಕ್ತಿರಲಿಲ್ವಾ?"

"ಮೂರು ದಿನ ಎಲ್ಲಿ ಸ್ವಾಮಿ. ಹರಿಯೋ ನೀರಿಗೆ ಕುಕ್ಕೆ ಹಿಡ್ಯೋದು. ಒಂದು ಎಲೆಅಡಿಕೆ ಬಾಯಲ್ಲಿ ಮುಗಿಯೋ ತನಕ. ಆಮೇಲೆ ಎತ್ತಿ ಹಾಕೋದು."

"ಒಂದೇ ಸಲವಾ?"

"ಒಂದೇ ಸಲ."

ಮೇಷ್ಟ್ರು ಎದ್ದು ನಿಂತರು. ಪ್ಯಾಂಟಿನ ಮಣ್ಣು ಕೊಡವಿಕೊಳ್ಳಲೂ ಇಲ್ಲ. ಮೂರು ದಿನ ನೆನೆಸಿದ ಎರಡನೆಯ ಸಾಲಿಗೂ ಒಂದು ಎಲೆಅಡಿಕೆ ಹೊತ್ತು ತೊಳೆದ ಮೂರನೆಯ ಸಾಲಿಗೂ ಎತ್ತರದಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲವಲ್ಲ ಎಂದರು. ಹಾಗಾದರೆ ತೊಟ್ಟಿಯೂ ಬೇಡ, ಮೂರು ದಿನವೂ ಬೇಡ, ಹರಿಯುವ ಒಂದು ಹಳ್ಳ ಇದ್ದರೆ ಸಾಕಲ್ಲವೇ ಎಂದರು. ಸರಿಯಾಗಿ ಮತ್ತೊಮ್ಮೆ ಮಾಡಿ ನೋಡಬೇಕು, ಎಲ್ಲರ ಕಣ್ಣೆದುರಿಗೇ ಮಾಡಬೇಕು ಎಂದವರು ಗೌಡರ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. ಗೌಡರು ಲಾರಿಯವನ ಹತ್ತಿರ ಹೋಗಿ ಕೀಲಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಜವರಯ್ಯ ಆಗ ಮುಷ್ಟಿ ಬಿಚ್ಚಿದ. ಬೆವರಿಗೆ ಅರ್ಧ ಕರಗಿದ್ದ ಉಪ್ಪು ಕೆಂಚಯ್ಯನ ಮೇಲೆ ಬಿತ್ತು.

ಮಣ್ಣು ಮುಚ್ಚಿ ಎಲ್ಲರೂ ಸ್ನಾನಕ್ಕೆಂದು ಹಳ್ಳಕ್ಕೆ ಇಳಿದರು. ಹೇಗೂ ನೆನೆಯಲೇಬೇಕಲ್ಲ ಎಂದು ಸೀತಕ್ಕ ಸೆರಗು ಸಿಕ್ಕಿಸಿ ಲಾರಿ ಹತ್ತಿದಳು. ಮೊದಲ ಕುಕ್ಕೆ ಕೈಯಿಂದ ಕೈಗೆ ದಾಟಿ ಬಂತು. ಅದನ್ನು ತಾನೇ ಹಿಡಿಯುತ್ತೇನೆಂದು ಯಲ್ಲಮ್ಮ ಸೊಂಟದ ಮಟ್ಟ ನೀರಿನಲ್ಲಿ ನಿಂತಳು. ಜವರಯ್ಯ ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ ಬಾಯಿಗಿಟ್ಟುಕೊಂಡ. ಕೈಗಡಿಯಾರ ನೋಡುತ್ತಾ ನಿಂತ ಮೇಷ್ಟ್ರು ಸ್ವಲ್ಪ ಹೊತ್ತಿಗೆ ಅದನ್ನು ಬಿಟ್ಟು, ಅಗಿಯುತ್ತಿರುವ ಜವರಯ್ಯನ ದವಡೆಯನ್ನೇ ನೋಡತೊಡಗಿದರು.