ದತ್ತಪ್ಪ ಕಾಕಾನ ಉಂಗುರ

ಮೀಸೆಯ ಗೋಂದು ಮೇಲ್ದುಟಿಯಲ್ಲಿ ಚುರುಗುಟ್ಟುತ್ತಿದೆ, ಬೆವರಿಗೆ ಒಂದು ತುದಿ ಬಿಟ್ಟುಕೊಂಡಿರಬೇಕು, ಬಿಡಲಿ, ಬಿದ್ದರೂ ಜನ ನಗುತ್ತಾರೆ, ಜೇವರ್ಗಿ ಕಾಲೋನಿಯ ಈ ಸಭಾಭವನದಲ್ಲಿ ಅಂಬಿಕಾ ಯಾರಿಗೆ ಬೇಕು, ಎಲ್ಲರಿಗೂ ಬೇಕಾದವನು ದತ್ತಪ್ಪ ಕಾಕಾ, ಧೋತರ ಉಟ್ಟು, ರುಮಾಲು ಸುತ್ತಿ, ಊರ ಹೆಣ್ಣುಮಕ್ಕಳಿಗೆಲ್ಲ ಬುದ್ಧಿ ಹೇಳುವ ಕಮಲಾಪುರದ ಹಿರಿಯ — ಅವಳೇ ಹುಟ್ಟಿಸಿದವನು, ಅವಳ ಗಂಟಲಲ್ಲೇ ಮಾತಾಡುವವನು — ಮತ್ತು ಮುಂದಿನ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿರುವವನು ನಾಗಣ್ಣ ದೊಡ್ಡಪ್ಪ, ಅಪ್ಪನ ಅಣ್ಣ, ಇವತ್ತಿನ ನಗೆ ಕಾರ್ಯಕ್ರಮದ ಅಧ್ಯಕ್ಷ. ಈ ಮೀಸೆ ಯಾರದು, ಮಾತಿಗೆ ಮೊದಲು ಹೀಗೆ ಕೆಮ್ಮುವುದು ಯಾರು, ಇದು ತಾನೇ ಎಂದು ಈ ಮನುಷ್ಯನಿಗೆ ಹೊಳೆಯುವುದೇ ಇಲ್ಲವೇ, ಪಕ್ಕದವರ ತೊಡೆ ತಟ್ಟಿ ಹೇಳುತ್ತಿದ್ದಾನೆ, ವೇದಿಕೆಗೇ ಕೇಳುತ್ತಿದೆ, ನಮ್ಮ ತಮ್ಮನ ಮಗಳರೀ, ಖರೇ ಹೇಳ್ತೇನಿ, ಥೇಟ್ ನಮ್ಮ ಬೀಗರನ್ನ ತಂದು ನಿಲ್ಸ್ಯಾಳ ನೋಡ್ರಿ. ಬೀಗರಂತೆ. ಅಂಬಿಕಾಳ ಕಿವಿ ಕಾದು ಕೆಂಪಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಕಮಲಾಪುರದ ಮನೆಗೆ ದೊಡ್ಡಪ್ಪ ಹೊತ್ತುಗೊತ್ತಿಲ್ಲದೆ ಬರುತ್ತಿದ್ದ, ಕೂಗುತ್ತಿರಲಿಲ್ಲ, ಬೆರಳಿನ ಬೆಳ್ಳಿ ಉಂಗುರದಿಂದ ಬಾಗಿಲ ಚೌಕಟ್ಟಿಗೆ ಟಕ್ ಟಕ್, ಅಷ್ಟೇ, ಕೆಂಪು ಬಾಳೆಹಣ್ಣು ಸುಲಿಯುತ್ತ ಮಗಳೊಂದಿಗೆ ಏನೋ ಹೇಳಿ ನಗುತ್ತಿದ್ದ ಅವ್ವ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಅರ್ಧ ಹಣ್ಣು ಬಾಯಲ್ಲೇ. ಗಂಡಸಿಲ್ಲದ ಮನ್ಯಾಗ ಹೆಣ್ಮಕ್ಕಳು ನಗೋ ಸಪ್ಪಳ ಓಣಿಗಿ ಕೇಳಬಾರದು ಭಾಗಮ್ಮ. ಹೂಂ ರೀ, ಅಂಗೈಯ ಹಿಂದಿನಿಂದಲೇ ಅವ್ವನ ಉತ್ತರ. ನುಂಗಿದಳು, ನುಂಗಿ ನುಂಗಿ ನಗುವುದನ್ನೇ ಮರೆತಳು, ಆ ಸಿಟ್ಟಿಗೆ ಮೀಸೆ ಅಂಟಿಸಿ, ರುಮಾಲು ಸುತ್ತಿ ಅಂಬಿಕಾ ದತ್ತಪ್ಪನನ್ನು ಮಾಡಿದಳು, ಊರೂರಿಗೆ ಒಯ್ದು ನಗೆಪಾಟಲು ಮಾಡಿದಳು, ಇವತ್ತು ಒಲ್ಲೆ ಒಲ್ಲೆ ಎಂದ ಅವ್ವನನ್ನು ಬಸ್ಸು ಹತ್ತಿಸಿ ಕಲಬುರಗಿಗೆ ತಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದಾಳೆ, ಅವನೆದುರೇ ಅವ್ವ ಒಂದು ಸಲ ಬಾಯಿ ತೆರೆದು ನಗಲಿ, ಸಭೆಗೆಲ್ಲ ಕೇಳುವಂತೆ ನಗಲಿ, ಬೇಕಾಗಿರುವುದು ಇದೊಂದೇ, ಅವರ ಶಾಲು, ಚಪ್ಪಾಳೆ ಅವರೇ ಇಟ್ಟುಕೊಳ್ಳಲಿ.

ನಗುತ್ತಿದ್ದಾಳೆ, ಹೌದು, ಭುಜ ಅಲುಗುತ್ತಿದೆ, ಹಲ್ಲು ಕಾಣುತ್ತಿದೆ, ದೇವರೇ, ಅವ್ವನ ಹಲ್ಲು ಕಂಡು ಎಷ್ಟು ಕಾಲವಾಯಿತು — ಇನ್ನು ಉಳಿದಿರುವುದು ಉಂಗುರ, ಜನ ಕಾದು ಕೂರುವುದೇ ಅದಕ್ಕೆ, ದತ್ತಪ್ಪ ತಮ್ಮನ ಮನೆಯ ಬಾಗಿಲಿಗೆ ಬಂದು ನಿಲ್ಲುವುದು, ಈಗ ಗೊತ್ತಾಗುತ್ತದೆ ಮುದುಕನಿಗೆ, ಈಗ ಅವನ ನಗು ಗಂಟಲಲ್ಲೇ ಸಿಕ್ಕಿಕೊಳ್ಳಬೇಕು, ಯಾರವ್ವ ಒಳಗ ನಗಾಕತ್ತವ್ರು, ದತ್ತಪ್ಪನ ದನಿ, ಮೈಕಿನ ಕಂಬಿಗೆ ಉಂಗುರ, ಟಕ್ ಟಕ್ — ಸಭೆ ಹೋ ಎನ್ನುತ್ತದೆ, ದೊಡ್ಡಪ್ಪನೂ ನಗುತ್ತಾನೆ, ಎಲ್ಲರಿಗಿಂತ ಜೋರಾಗಿ, ಹುರುಪಿನಲ್ಲಿ ತನ್ನ ಉಂಗುರದಿಂದ ತಾನೂ ಕುರ್ಚಿಯ ತೋಳಿಗೆ ಟಕ್ ಟಕ್, ಹೊಳೆಯಲಿಲ್ಲ, ಎಂದೂ ಹೊಳೆಯುವುದಿಲ್ಲ, ಹಾಳಾಗಿ ಹೋಗಲಿ, ಅವ್ವ, ಅವ್ವ ಎಲ್ಲಿ, ಹಿಂದಿನ ಸಾಲು — ಅವ್ವನ ಅಂಗೈ ಬಾಯಿಯ ಮೇಲಿದೆ. ದೊಡ್ಡಪ್ಪ ಬಡಿಯುವ ಮೊದಲೇ ಏರಿತ್ತು ಆ ಕೈ, ಬಡಿದವಳು ತಾನು, ಮಗಳು, ಮುಂದಿನ ಮಾತು ಏನಿತ್ತು, ದತ್ತಪ್ಪ ಮುಂದೆ ಏನನ್ನುತ್ತಾನೆ, ಜನ ಕಾಯುತ್ತಿದ್ದಾರೆ, ಮೀಸೆ ಚುರುಗುಟ್ಟುತ್ತಿದೆ, ಬಾಯಿಯ ಮೇಲೆ ಅಂಗೈ, ಅವ್ವನ ಅಂಗೈ, ಇಳಿಯುತ್ತಿಲ್ಲ, ಅಂಗೈ