ಆಲ್ಬರ್ಟಾದಲ್ಲಿ ಎರಡು ವರ್ಷ

ಪರದೆಯ ಮೇಲಿದ್ದ ಸಾಲನ್ನು ಸುಬ್ಹಾನ್ ಮೂರನೆಯ ಸಲ ಅಳಿಸಿ ಮತ್ತೆ ಅದನ್ನೇ ಬರೆದ. ‘ನಾರ್ವೆಯ ಜನ ಅಪರಿಚಿತರೊಡನೆ ತಾವಾಗಿ ಮಾತಿಗಿಳಿಯುವುದಿಲ್ಲ. ಇದನ್ನು ಒರಟುತನವೆಂದು ಭಾವಿಸಬಾರದು.’

ಭಾವಿಸಬಾರದು ಎಂದು ಹೇಳಲು ತಾನು ಯಾರು? ನಾರ್ವೆಯನ್ನು ಅವನು ನೋಡಿರಲಿಲ್ಲ.

ಆಕ್ಲೆಂಡಿನ ನ್ಯೂ ಲಿನ್ ರೈಲ್ವೆ ಸ್ಟೇಷನ್ನಿನ ಎದುರಿನ ಕಟ್ಟಡದ ಮೇಲಂತಸ್ತಿನಲ್ಲಿ ಅವನು ಕೆಲಸ ಮಾಡುವ ಟ್ರಾವೆಲ್ ಏಜೆನ್ಸಿ. ಟಿಕೆಟ್ ಕೊಂಡವರಿಗೆಲ್ಲ, ಅವರು ಹೋಗುವ ಸೀಮೆಯ ರೀತಿ ರಿವಾಜುಗಳ ಬಗ್ಗೆ ಒಂದು ಸಣ್ಣ ಪುಸ್ತಿಕೆ ಪುಕ್ಕಟೆ. ಅದನ್ನು ಬರೆಯುವುದು ಸುಬ್ಹಾನನ ಕೆಲಸ. ಧಾರವಾಡದಲ್ಲಿ ಮಾನವಶಾಸ್ತ್ರ ಓದಿ, ಪಿಎಚ್‌ಡಿಗೆಂದು ಆಕ್ಲೆಂಡಿಗೆ ಬಂದು, ಅದನ್ನು ಮೂರನೇ ಅಧ್ಯಾಯಕ್ಕೆ ಕೈಬಿಟ್ಟವನಿಗೆ ಇದು ತಕ್ಕ ಉದ್ಯೋಗವೆಂದು ಎಲ್ಲರಿಗೂ ಅನ್ನಿಸಿತ್ತು. ಹನ್ನೊಂದು ವರ್ಷದಲ್ಲಿ ಮೂವತ್ತೊಂದು ಪುಸ್ತಿಕೆ. ಅವುಗಳ ಪೈಕಿ ಅವನು ಕಾಲಿಟ್ಟ ಜಾಗ ಎರಡು. ಪ್ರತಿಯೊಂದರ ಹಿಂಬದಿಗೂ ‘ಅಲ್ಲಿ ಬಾಳಿ ಬಂದವರು ಬರೆದದ್ದು’ ಎಂದು ಅಚ್ಚಾಗುತ್ತಿತ್ತು. ಅದು ಮಾಲೀಕ ರಾಜೇಶನ ಐಡಿಯಾ. ಸುಬ್ಹಾನ್ ಬೇಡ ಎಂದಿರಲಿಲ್ಲ.

ರಾಜೇಶ್ ಬಾಗಿಲಲ್ಲಿ ತಲೆ ಹಾಕಿದ. ಫಿಜಿಯಲ್ಲಿ ಹುಟ್ಟಿದವನು, ಕನ್ನಡ ಬಾರದು.

“ನಿನ್ನ ಭಾಷೆಯವರೊಬ್ಬರು ಬಂದಿದ್ದಾರೆ. ಪುಸ್ತಿಕೆ ಬರೆದವರನ್ನೇ ನೋಡಬೇಕಂತೆ.”

“ಯಾವ ಪುಸ್ತಿಕೆ?”

“ಆಲ್ಬರ್ಟಾ. ಇನ್ಶೂರೆನ್ಸ್ ಇನ್ನೂ ತಗೊಂಡಿಲ್ಲ ಅವರು. ಮಾತಿನ ನಡುವೆ ನೆನಪಿಸು.”

ಬಂದವರಿಗೆ ಅರವತ್ತರ ಹತ್ತಿರ. ಇಸ್ತ್ರಿ ಮಾಡಿದ ಅಂಗಿ, ಮೇಲೆ ಮಳೆಗಾಲದ ಜಾಕೆಟ್. ಕುರ್ಚಿಯ ಅಂಚಿನಲ್ಲಿ ಕೂತು ಕೈ ಮುಗಿದರು. ಹೆಸರು ದತ್ತಾತ್ರೇಯ. ಧಾರವಾಡದವರು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು.

“ನೀವು ಎಲ್ಲಿಯವರ್ರಿ?”

“ಗದಗ.”

“ಗದಗ!” ಅವರ ಮುಖ ಸ್ವಲ್ಪ ಸಡಿಲಾಯಿತು. “ಹಂಗಾರ ನಮ್ಮವರ ಆದ್ರಿ. ಛಲೋ ಆತು.”

ನಮ್ಮವರು ಎಂಬ ಮಾತು ಕೇಳಿದರೆ ಸುಬ್ಹಾನನಿಗೆ ಅದರ ಹಿಂದೆಯೇ ತಾನು ತೆರಬೇಕಾದ ಬಿಲ್ಲೂ ಬರುತ್ತದೆ ಎನ್ನಿಸುತ್ತಿತ್ತು. ನಕ್ಕ.

ಅವರು ಪುಸ್ತಿಕೆ ತೆಗೆದು ಮೇಜಿನ ಮೇಲಿಟ್ಟರು. ಪ್ರತಿ ಪುಟದಲ್ಲೂ ಪೆನ್ಸಿಲ್ಲಿನ ಗೆರೆ. ಮನೆಯೊಳಗೆ ಹೋಗುವಾಗ ಶೂ ಬಾಗಿಲಲ್ಲೇ ಬಿಡಬೇಕು. ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಲ್ಲಬೇಕು. ಹವಾಮಾನದಿಂದ ಮಾತು ಶುರು ಮಾಡಿದರೆ ಕ್ಷೇಮ. ಒಂದು ಕಡೆ ಮಾತ್ರ ಎರಡು ಗೆರೆ. ಸುಬ್ಹಾನನಿಗೆ ಆ ಸಾಲು ಬರೆದ ದಿನದ ಖುಷಿ ನೆನಪಿತ್ತು. ‘ಇಲ್ಲಿನವರು ಮಾತುಮಾತಿಗೂ ಸಾರಿ ಅನ್ನುತ್ತಾರೆ. ನೀವು ಅವರ ಕಾಲು ತುಳಿದರೂ ಸಾರಿ ಅನ್ನುವವರು ಅವರೇ! ಗಾಬರಿ ಬೇಡ. ಪರವಾಗಿಲ್ಲ ಅಂದುಬಿಡಿ, ಅಲ್ಲಿಗೆ ಮುಗಿಯಿತು.’

“ಇದರ ಬಗ್ಗೆ ಕೇಳೂದಿತ್ತು.”

“ಕೇಳಿ ಸರ್.”

“ಪರವಾಗಿಲ್ಲ ಅನ್ನದಿದ್ರ ಏನಾಗ್ತದ?”

ಸುಬ್ಹಾನ್ ಮತ್ತೆ ನಕ್ಕ. ಅವರು ನಗಲಿಲ್ಲ. ತಮ್ಮ ವಿಷಯವನ್ನು ಅವರು ಲೆಕ್ಕ ಬಿಡಿಸುವವರ ಹಾಗೆ, ಹಂತ ಹಂತವಾಗಿ ಹೇಳಿದರು. ಮಗಳು ತೇಜಸ್ವಿನಿ. ಒಬ್ಬಳೇ. ಇಪ್ಪತ್ನಾಲ್ಕು. ಡಿಗ್ರಿ ಮುಗಿದ ಮೇಲೆ ಇಲ್ಲಿನ ಹುಡುಗರು ಹೋಗುವಂತೆ ಒಂದು ವರ್ಷ ಕೆಲಸ ಮಾಡಿಕೊಂಡು ತಿರುಗಾಡಿ ಬರುತ್ತೇನೆಂದು ಆಲ್ಬರ್ಟಾಕ್ಕೆ ಹೋಗಿದ್ದಳು. ಗುಡ್ಡದ ಮೇಲಿನ ಹೋಟೆಲ್ಲಿನಲ್ಲಿ ಕೆಲಸ. ಹೋದ ವರ್ಷ ಫೆಬ್ರವರಿಯಲ್ಲಿ ಗೆಳತಿಯ ಊರಿಗೆಂದು ಕಾರಿನಲ್ಲಿ ಪೂರ್ವಕ್ಕೆ ಹೊರಟಾಗ ಹಿಮದಲ್ಲಿ ಗಾಡಿ ಜಾರಿ ತಗ್ಗಿಗಿಳಿಯಿತು. ಅವಳಿಗೆ ಏನೂ ಆಗಿರಲಿಲ್ಲ. ಇಳಿದು ರಸ್ತೆಗೆ ಬಂದು ಕೈ ಮಾಡಿದಳು. ಒಂದು ಪಿಕಪ್ ಬಂದು ಅವಳಿಗೆ ಹೊಡೆದು ನಿಲ್ಲದೆ ಹೋಯಿತು.

“ಹೊಡದಂವ ಸಿಕ್ಕಾನ. ತಪ್ಪು ಒಪ್ಪಿಕೊಂಡಾನ. ಮುಂದಿನ ತಿಂಗಳು ಶಿಕ್ಷೆ ಹೇಳ್ತಾರ. ಕೋರ್ಟಿನ್ಯಾಗ ನಾವು ನಮ್ಮ ಸಂಕಟ ಎರಡು ಪುಟ ಬರದು ಓದಬಹುದಂತ. ಅದನ್ನ ಬರದೀನಿ.” ಅವರು ಎರಡು ಗೆರೆಯ ಸಾಲಿನ ಮೇಲೆ ಬೆರಳಿಟ್ಟರು. “ಆದ್ರ ಅವನ ತಾಯಿ ನಮ್ಮನ್ನ ಕಾಣಬೇಕು ಅಂತ ಹೇಳಿ ಕಳಿಸ್ಯಾಳ. ಅಕಿ ಬಂದು ಸಾರಿ ಅಂತಾಳ. ಅನ್ನದ ಇರೂದಿಲ್ಲ, ನೀವ ಬರದೀರಿ. ಆವಾಗ ನಾವು ಏನನ್ನಬೇಕ್ರಿ?”

ಹೊರಗೆ ರೈಲೊಂದು ಬಂದು ನಿಂತು ಹೊರಟಿತು.

“ಸುಮ್ಮನೆ ತಲೆ ಆಡಿಸಿದರೂ ಸಾಕಾಗುತ್ತೆ ಸರ್,” ಎಂದ ಸುಬ್ಹಾನ್.

“ತಲಿ ಆಡಿಸಿದ್ರ ಒಪ್ಪಿಕೊಂಡಂಗ ಆಗೂದಿಲ್ಲೇನು ಅಲ್ಲೆ?”

“ಹಾಗೇನಿಲ್ಲ.”

“ಕೈ ಕೊಡಲಿಕ್ಕೆ ಬಂದ್ರ?”

“ಕೊಡಬಹುದು. ಕೊಡದೆಯೂ ಇರಬಹುದು.”

ದತ್ತಾತ್ರೇಯ ಅದನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಂಡರು. ಆಮೇಲೆ ಪುಸ್ತಿಕೆಯ ಹಿಂಬದಿ ತಿರುಗಿಸಿ ಕೇಳಿದರು, “ನೀವು ಅಲ್ಲೆ ಎಷ್ಟು ವರ್ಷ ಇದ್ರಿ?”

ಇದೇ ಸಮಯ ಎಂದು ಅವನಿಗೆ ಗೊತ್ತಾಯಿತು. ಇಲ್ಲ ಸರ್, ನಾನು ಹೋಗಿಲ್ಲ. ನಾಲ್ಕೇ ಪದ. ಗಾಜಿನಾಚೆ ರಾಜೇಶ್ ಫೋನಿನಲ್ಲಿ ಯಾರಿಗೋ ಹೊನೊಲುಲು ಟಿಕೆಟ್ ಮಾರುತ್ತಿದ್ದ.

“ಎರಡು ವರ್ಷ,” ಎಂದ ಸುಬ್ಹಾನ್.

“ಹಂಗಾರ ಈ ರಸ್ತಿ ನೋಡಿರ್ತೀರಿ.” ಅವರು ಹೆದ್ದಾರಿಯ ನಂಬರನ್ನು ಚೀಟಿಯಲ್ಲಿ ಬರೆದು ತಳ್ಳಿದರು. “ಹ್ಯಾಂಗ ಅದ ಅದು? ಪೊಲೀಸರು ಕಳಿಸಿದ ಫೋಟೋ ನಾನು ತೆರೀಲಿಲ್ಲ.”

ಪುಸ್ತಿಕೆಯ ಮುಖಪುಟದಲ್ಲಿ ಬೆಟ್ಟವಿತ್ತು, ಕೆರೆಯಿತ್ತು, ಮರಗಳಿದ್ದವು. ಸುಬ್ಹಾನ್ ಅದನ್ನೇ ನೋಡುತ್ತ ಹೇಳಿದ. ನೇರ ರಸ್ತೆ. ಎರಡೂ ಕಡೆ ಪೈನ್ ಮರ, ಎತ್ತರಕ್ಕೆ, ಒತ್ತಾಗಿ. ಹಿಮ ಬಿದ್ದಾಗ ಸದ್ದೇ ಇರುವುದಿಲ್ಲ. ಮರಗಳಿಂದಾಗಿ ಗಾಳಿ ತಡೆದು ರಸ್ತೆ ಬೆಚ್ಚಗೆ ಇದ್ದಂತಿರುತ್ತದೆ. ಹೇಳುತ್ತ ಹೋದಂತೆ ಅವನ ದನಿಗೆ ಅವನಿಗೇ ಗುರುತಿಲ್ಲದ ಮೃದುತನ ಬಂತು. ದತ್ತಾತ್ರೇಯ ಕಣ್ಣು ಮುಚ್ಚಿ ಕೇಳಿದರು.

ಎದ್ದು ಹೊರಡುವಾಗ ಅವರು ಹೇಳಿದರು, “ನಮ್ಮಾಕಿ ಕೆಳಗ ಕಾರಿನ್ಯಾಗ ಕೂತಾಳ. ಮ್ಯಾಲೆ ಬಾ ಅಂದೆ, ಒಲ್ಲೆ ಅಂದ್ಲು. ಫೋನ್ ಮಾಡಿದ್ರ ನಡೀತದೇನ್ರಿ? ಅಲ್ಲೆ ಇದ್ದು ಬಂದವರು ಒಬ್ಬರೂ ಸಿಕ್ಕಿದ್ದಿಲ್ಲ ನಮಗ.”

ಸುಬ್ಹಾನ್ ನಂಬರು ಕೊಟ್ಟ. ಕಿಟಕಿಯಿಂದ ನೋಡಿದ. ಪಾರ್ಕಿಂಗಿನಲ್ಲಿ ನಿಂತ ಕಾರಿನಲ್ಲಿ ಒಬ್ಬ ಹೆಂಗಸು ಸೀಟ್ ಬೆಲ್ಟ್ ಕಟ್ಟಿಕೊಂಡೇ ಕೂತಿದ್ದಳು.

“ಇನ್ಶೂರೆನ್ಸ್?” ರಾಜೇಶ್ ಕೇಳಿದ.

“ಕೇಳಲಿಲ್ಲ.”

“ಅಷ್ಟು ಹೊತ್ತು ಏನು ಮಾತಾಡಿದಿರಿ?”

“ಹವಾಮಾನ.”

ಊಟದ ಡಬ್ಬಿ ತೆರೆಯದೆ ಅವನು ಕಂಪ್ಯೂಟರಿನಲ್ಲಿ ಆ ರಸ್ತೆಯನ್ನು ಹುಡುಕಿದ. ನಕ್ಷೆಯ ಒಳಗಿಳಿದು ರಸ್ತೆಯ ಚಿತ್ರಗಳನ್ನು ಒಂದೊಂದಾಗಿ ಒತ್ತುತ್ತ ಮುಂದೆ ಹೋದ. ಬೇಸಿಗೆಯಲ್ಲಿ ತೆಗೆದವು. ಕೊಯ್ದ ಹೊಲ, ತಂತಿ ಬೇಲಿ, ಮತ್ತೆ ಹೊಲ. ಇಪ್ಪತ್ತು ಕಿಲೋಮೀಟರು ಹೋದ, ನಲವತ್ತು ಹೋದ. ಒಂದು ಮರವಿರಲಿಲ್ಲ. ಕಣ್ಣಿಗೆ ತಡೆಯೆಂಬುದೇ ಇಲ್ಲದ ಬಯಲು, ಅದರ ಮೇಲೆ ಆಕಾಶ ಬೋರಲು ಬಿದ್ದಿತ್ತು. ಗಾಳಿ ಬೀಸಿದರೆ ತಡೆಯಲು ಒಂದು ಪೊದೆಯೂ ಇಲ್ಲ.

ಅವರು ಅಲ್ಲಿಗೆ ಹೋಗುತ್ತಾರೆ. ಕಾರು ನಿಲ್ಲಿಸಿ ಇಳಿಯುತ್ತಾರೆ. ಮರ ಹುಡುಕುತ್ತಾರೆ.

ಅವನಿಗೆ ತನ್ನ ಸುಳ್ಳಿಗಿಂತ ಅದು ಸಿಕ್ಕಿಬೀಳುವ ರೀತಿ ಹೆಚ್ಚು ಸಂಕಟ ತಂದಿತು. ಅದು ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು. ದತ್ತಾತ್ರೇಯರಿಗೆ ಫೋನ್ ಮಾಡಬೇಕೆಂದು, ಟಿಕೆಟ್ ಬುಕಿಂಗಿನಲ್ಲಿದ್ದ ಅವರ ನಂಬರನ್ನು ಎರಡು ಸಲ ಒತ್ತಿ ಕತ್ತರಿಸಿದ. ಮೂರು ಗಂಟೆಗೆ ರಾಜೇಶ್ ಬಂದು, ನಾರ್ವೆ ಎಲ್ಲಿಗೆ ಬಂತು ಎಂದ. ಮುಗಿಯುತ್ತ ಬಂತು ಎಂದ ಸುಬ್ಹಾನ್. ಮುಗಿಸಿಯೂ ಬಿಟ್ಟ.

ಐದೂವರೆಗೆ ಫ್ಲ್ಯಾಟ್ ಬುಷ್‌ನಲ್ಲಿದ್ದ ಮನೆಯ ಕಡೆ ಕಾರಿನಲ್ಲಿ ಹೊರಟ. ಆಗಸ್ಟಿನ ಸಂಜೆ, ತುಂತುರು. ಮೋಟರ್‌ವೇಯಲ್ಲಿ ಎಲ್ಲರೂ ದೀಪ ಹಾಕಿದ್ದರು. ಇದನ್ನೆಲ್ಲ ಹೆಂಡತಿ ಉಮೈರಾಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿದ. ಹೇಳುವುದಿಲ್ಲವೆಂದೂ ಗೊತ್ತಿತ್ತು. ಗಂಡ ಹೆಂಡತಿ ವರ್ಷಗಳಿಂದ ಒಬ್ಬರೊಡನೊಬ್ಬರು ಪುಸ್ತಿಕೆಯಲ್ಲಿ ಬರೆದಂಥ ಕ್ಷೇಮದ ಮಾತನ್ನೇ ಆಡುತ್ತಿದ್ದರು.

ಮಾಂಗೆರೆ ದಾಟುವಾಗ ಫೋನ್ ಬಂತು. ಕಾರಿನ ಸ್ಪೀಕರಿನಲ್ಲಿ ಹೆಂಗಸಿನ ದನಿ ಹತ್ತಿರದಿಂದ ಕೇಳಿಸಿತು, ಪಕ್ಕದ ಸೀಟಿನಲ್ಲಿ ಕೂತ ಹಾಗೆ.

“ಸುಬ್ಹಾನ್ ಸಾಹೇಬ್ರ? ನಾನು ಕೃಪಾ. ತೇಜಸ್ವಿನಿ ತಾಯಿ.”

“ಹೇಳ್ರಿ ಅಕ್ಕಾರ.” ಗದಗಿನ ಮಾತು ಅವನಿಗೆ ತಿಳಿಯದೆ ಬಾಯಿಗೆ ಬಂದಿತ್ತು.

“ಅಲ್ಲೆ ಮರ ಅದಾವಂತ? ಇವರು ಬಂದು ಹೇಳಿದ್ರು.”

ಅವನು ವೈಪರಿನ ವೇಗ ಹೆಚ್ಚಿಸಿದ.

“ಮರ ಇದ್ರ ಗಾಳಿ ಭಾಳ ಹೊಡದಿರಲಿಕ್ಕಿಲ್ಲ ಅಲ್ಲೇನ್ರಿ? ಅಕಿಗೆ ಥಂಡಿ ಆಗಿ ಬರೂದಿಲ್ಲ. ಸಣ್ಣಾಕಿದ್ದಾಗಿಂದ.”

“ಹೌದ್ರಿ,” ಎಂದ. ಒಂದು ಲಾರಿ ನೀರು ಎರಚುತ್ತ ಪಕ್ಕಕ್ಕೆ ಬಂತು. “ಗಾಳಿ ಭಾಳ ಇರೂದಿಲ್ರಿ ಅಲ್ಲೆ.”

ಅವಳು ಉಸಿರು ಬಿಟ್ಟದ್ದು ಕೇಳಿಸಿತು.

“ಇನ್ನೊಂದು ಕೇಳ್ತೀನಿ. ಇವರಿಗೆ ಹೇಳಬ್ಯಾಡ್ರಿ. ಕಾಗದಪತ್ರದಾಗ ನಲವತ್ತು ನಿಮಿಷ ಅಂತ ಅದ. ಅಂವ ಹೊಡದು ಹೋದ ಮ್ಯಾಲೆ ಪೊಲೀಸರಿಗೆ ಫೋನ್ ಬರೂತನಾ ನಲವತ್ತು ನಿಮಿಷ. ಅಷ್ಟೊತ್ತು ಅಕಿಗೆ ಜೀವ ಇತ್ತು. ಆ ರಸ್ತಿಯೊಳಗ ಎಷ್ಟು ಗಾಡಿ ಹೋಗಿರ್ತಾವು? ನೋಡಿ ನೋಡಿ ಯಾರೂ ನಿಂದರಲಿಲ್ಲೇನು? ಅಲ್ಲಿ ಜನ ನಿಂದರತಾರೋ ಇಲ್ಲೋ? ನೀವು ಎರಡು ವರ್ಷ ಇದ್ದವರು. ಖರೇ ಹೇಳ್ರಿ.”

ವೈಪರು ಗಾಜನ್ನು ಒರೆಸಿ ಮತ್ತೆ ಒರೆಸಿತು.

ಹೇಳಬೇಕು ಎಂದುಕೊಂಡ. ಅಕ್ಕಾರ, ನಾನು ಆ ದೇಶ ನೋಡಿಲ್ಲ, ಅಲ್ಲಿ ಮರವಿಲ್ಲ, ಯಾರು ನಿಲ್ಲುತ್ತಾರೆ ಯಾರು ಇಲ್ಲ ನನಗೆ ಗೊತ್ತಿಲ್ಲ. ಬಾಯಿ ತೆರೆದ.

“ನಿಂದರತಾರ್ರಿ,” ಎಂದ. “ಕಂಡ್ರ ನಿಂದರದ ಹೋಗೂದಿಲ್ಲ. ಅಲ್ಲಿ ಪದ್ಧತಿನ ಅದು. ಚಳಿಗಾಲದಾಗ ರಸ್ತಿ ಮ್ಯಾಲೆ ಯಾರು ಕಂಡ್ರೂ ಗಾಡಿ ನಿಲ್ಲಸ್ತಾರ. ಆ ಹೊತ್ತಿನ್ಯಾಗ ಒಂದೂ ಗಾಡಿ ಬಂದಿರಲಿಕ್ಕಿಲ್ಲ. ಮೊದಲು ಬಂದಂವನ ನಿಲ್ಲಿಸಿ ಫೋನ್ ಮಾಡ್ಯಾನ.”

“ಮೊದಲು ಬಂದಂವನ?”

“ಹೌದ್ರಿ.”

“ಅಂದ್ರ ಯಾರೂ ನೋಡಿ ಹೋಗಿಲ್ಲ.”

“ಇಲ್ರಿ.”

ಅವಳು ಅಳತೊಡಗಿದಳು. ದೊಡ್ಡ ಅಳುವಲ್ಲ. ತುಂಬ ದಿನದಿಂದ ಹಿಡಿದಿಟ್ಟ ಭಾರದ ಚೀಲವನ್ನು ಎಲ್ಲೋ ಇಳಿಸಿದವರ ಅಳು. “ನಿಮ್ಮ ಮನಿ ತಣ್ಣಗಿರಲಿ ತಮ್ಮಾ,” ಎಂದಳು. “ಇವತ್ತು ನಿದ್ದಿ ಮಾಡ್ತೀನಿ.” ಫೋನ್ ಇಟ್ಟಳು.

ತಾನು ಬರೆದ ಮೂವತ್ತೊಂದು ಪುಸ್ತಿಕೆಗಳಲ್ಲಿ ಒಂದೂ ಯಾರಿಗೂ ಈ ಸುಳ್ಳಿನಷ್ಟು ಉಪಯೋಗಕ್ಕೆ ಬಂದಿರಲಾರದು ಎಂದು ಸುಬ್ಹಾನ್ ಯೋಚಿಸಿ, ಆ ಯೋಚನೆಗೆ ಹೇಸಿದ.

ಆಗ ಎಡಬದಿಯಲ್ಲಿ, ಮೋಟರ್‌ವೇಯ ಅಂಚಿಗೆ ಸರಿದು ನಿಂತ ಒಂದು ಬಿಳಿ ಕಾರು ಕಂಡಿತು. ನಾಲ್ಕೂ ಮೂಲೆಯ ಹಳದಿ ದೀಪ ಹೊತ್ತಿ ಆರುತ್ತಿದ್ದವು. ಎಲ್ಲರಂತೆ ಅವನೂ ಅದನ್ನು ದಾಟಿಹೋದ. ಇನ್ನೂರು ಮೀಟರು ಹೋಗಿ, ಏಕೆಂದು ತಿಳಿಯದೆ, ಅಂಚಿಗೆ ತಂದು ಕಾರು ನಿಲ್ಲಿಸಿದ. ಇಳಿದ. ಮಳೆಯಲ್ಲಿ ಹಿಂದಕ್ಕೆ ನಡೆದ. ಪಕ್ಕದಲ್ಲಿ ಗಾಡಿಗಳು ಹಾಯುವಾಗೆಲ್ಲ ಜಾಕೆಟ್ಟು ಮೈಗೆ ಅಂಟಿ ಬಿಡುತ್ತಿತ್ತು.

ಕಾರಿನಲ್ಲಿ ಒಬ್ಬಳು ಹುಡುಗಿಯಿದ್ದಳು. ಅವನು ಬಗ್ಗಿ ಕಿಟಕಿಯ ಗಾಜನ್ನು ಮೆಲ್ಲಗೆ ತಟ್ಟಿದ. ಅವಳು ಬೆಚ್ಚಿ ನೋಡಿದಳು. ಬಾಗಿಲುಗಳು ಒಟ್ಟಿಗೆ ಲಾಕ್ ಆದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಫೋನನ್ನು ಗಾಜಿಗೆ ಹಿಡಿದು ತೋರಿಸಿ, ಯಾರೋ ಬರುತ್ತಿದ್ದಾರೆ ಎಂಬಂತೆ ಕೈಮಾಡಿದಳು. ನಂತರ ಹೋಗು ಎಂಬಂತೆ. ಅವನು ಹೋಗದಿದ್ದಾಗ ಕಣ್ಣು ತಗ್ಗಿಸಿ ಕೂತಳು.

ಅವನು ಎರಡೂ ಅಂಗೈ ತೋರಿಸಿ ಹಿಂದೆ ಸರಿದ.

ತನ್ನ ಕಾರಿನವರೆಗೆ ಬಂದವನು ಒಳಗೆ ಕೂರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಬರುವ ಗಾಡಿಗಳ ಕಡೆ ಮುಖ ಮಾಡಿ ನಿಂತ. ಮಳೆ ಜೋರಾಯಿತು. ಗಾಳಿ ತೆರವಾದ ಕಡೆಯಿಂದೆಲ್ಲ ಬೀಸಿತು. ಸ್ವಲ್ಪ ಹೊತ್ತಿಗೆ ಅವನ ಬಲಗೈ, ಗಾಡಿ ನಿಲ್ಲಿಸಲು ಕೈ ಮಾಡುವವರ ಹಾಗೆ, ಭುಜದ ಮಟ್ಟಕ್ಕೆ ಏಳುತ್ತಿದ್ದುದು ಅವನಿಗೇ ಕಂಡಿತು. ಅದನ್ನು ಅವನು ಇಳಿಸಲಿಲ್ಲ. ದೀಪಗಳು ಸಾಲಾಗಿ ಬಂದು, ಒಂದಾದ ಮೇಲೊಂದರಂತೆ ಅವನ ಮುಖವನ್ನು ಬೆಳಗಿ, ಪೂರ್ತಿಯಾಗಿ ನೋಡಿ, ಮುಂದೆ ಹೋದವು.