ಚಪ್ಪಾಳೆಯ ನಂತರದ ಟೇಪು

ನಾನು ಸ್ಪೂಲ್ ಟೇಪು. ತುಕ್ಕಿನಂಥ ಕಂದು ಪುಡಿಯನ್ನು ತೆಳು ಪಟ್ಟಿಯ ಮೇಲೆ ಬಳಿದು, ಚಕ್ರಕ್ಕೆ ಸುತ್ತಿ, ಡಬ್ಬಿಗೆ ಹಾಕಿದರು. ಅಷ್ಟೇ ನನ್ನ ಹುಟ್ಟು. ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವುದು ನನ್ನ ಕೆಲಸ. ಬೇಡ ಅನ್ನುವ ಅಧಿಕಾರ ನನಗಿಲ್ಲ.

ವಿಶ್ವವಿದ್ಯಾಲಯದ ಜಾನಪದ ವಿಭಾಗ ನನ್ನನ್ನು ಕೊಂಡಿತು. ಅಲ್ಲಿನ ಮೇಷ್ಟ್ರು ಜೀಪಿನಲ್ಲಿ ಒಂದು ಹಳ್ಳಿಗೆ ಒಯ್ದರು. ಫಕೀರವ್ವ ಎಂಬಾಕೆ ಬೀಸುವ ಕಲ್ಲಿನ ಮುಂದೆ ಕೂತು ಹಾಡಿದಳು. ಜೋಳ ಹಿಟ್ಟಾಗುತ್ತಿತ್ತು, ಹಾಡು ನನ್ನ ಮೈಗೆ ಹತ್ತುತ್ತಿತ್ತು. ಮೇಷ್ಟ್ರು ಆ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡರು, ಪುಸ್ತಕ ಮಾಡಿದರು, ಶಾಲು ಹೊದಿಸಿಕೊಂಡರು. ಹೊದಿಸಿಕೊಳ್ಳಲಿ. ಆಮೇಲೆ ಮಾಡಿದ್ದನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ.

ಘಟಿಕೋತ್ಸವ ಬಂತು. ಕುಲಪತಿಗಳ ಭಾಷಣ ಹಿಡಿಯಲು ಹೊಸ ಟೇಪು ಸಿಗಲಿಲ್ಲ.

"ಹಾಡು ಹೆಂಗಿದ್ರೂ ಪುಸ್ತಕದಾಗ ಬಂದಾವಲ್ಲ, ಅದರ ಮ್ಯಾಲೇ ಹಿಡೀರಿ" ಎಂದರು ಮೇಷ್ಟ್ರು.

ಓದಿದವರೇ ಮಾಡಬೇಕು ಇಂಥ ತಪ್ಪನ್ನು. ಅಕ್ಷರಕ್ಕೆ ಇಳಿಸಿಕೊಂಡ ಮೇಲೆ ದನಿ ಯಾತಕ್ಕೆ ಬೇಕು! ಫಕೀರವ್ವ ಅಳಿಯುತ್ತ ಹೋದಳು. ಅವಳಿದ್ದಲ್ಲಿ ಶಿಸ್ತು, ಸಂಯಮ, ರಾಷ್ಟ್ರನಿರ್ಮಾಣ ಬಂದು ಕೂತವು. ಹರಿದುಹೋಗಲು ನೋಡಿದೆ, ಆಗಲಿಲ್ಲ. ಡಬ್ಬಿಯ ಮೇಲೆ ಘಟಿಕೋತ್ಸವ ಭಾಷಣ ಎಂದು ಬರೆದು ಕಪಾಟಿಗೆ ತಳ್ಳಿದರು.

ಮೇಷ್ಟ್ರು ತೀರಿಕೊಂಡರು. ಕಪಾಟು ಬದಲಾಯಿತು, ಕೋಣೆ ಬದಲಾಯಿತು. ಬಹಳ ಕಾಲದ ಮೇಲೆ ವಿಶ್ವವಿದ್ಯಾಲಯಕ್ಕೆ ತನ್ನ ಚರಿತ್ರೆಯ ನೆನಪಾಗಿ ಪತ್ರಾಗಾರ ತೆರೆಯಿತು. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಕಾನದಾರ ಎಂಬವರಿಗೆ ಬಿತ್ತು.

ಒಂದು ದಿನ ಅವರಲ್ಲಿಗೆ ಫಕೀರವ್ವನ ಮಗಳು ನಿಂಬೆವ್ವ ಬಂದಳು. ತಲೆ ಪೂರಾ ನರೆತಿತ್ತು. ಟೇಪು ಮಾಡಿಕೊಂಡು ಹೋದ ಮರುವರ್ಷವೇ ಅವ್ವ ಸತ್ತಳು, ಒಂದು ಫೋಟೊ ಕೂಡ ಇಲ್ಲ, ದನಿಯೂ ಮರೆತುಹೋಗಿದೆ, ಒಂದು ಸಲ ಕೇಳಿಸಿರಿ ಎಂದಳು. ಮಕಾನದಾರರು ವಿಭಾಗದ ಹಳಬರನ್ನೆಲ್ಲ ವಿಚಾರಿಸಿ ಬಂದು, ಅವಳ ಮುಖ ನೋಡಲಾಗದೆ ನನ್ನ ಡಬ್ಬಿ ನೋಡುತ್ತ ಹೇಳಿದರು: "ಅಳಿಸ್ಯಾರಬೇ ಅಕ್ಕಾ. ಅದರ ಮ್ಯಾಲೆ ಭಾಷಣ ಹಿಡದಾರ."

ನಿಂಬೆವ್ವ ಡಬ್ಬಿಯತ್ತ ಬಾಗಿ ಕೇಳಿದಳು: "ಆ ಸಾಹೇಬ್ರು ಟೇಪ್ ಮುಗಿಯೂಮಟ ಮಾತಾಡ್ಯಾರೇನ್ರಿ?"

ಈ ಪ್ರಶ್ನೆ ಇಷ್ಟು ವರ್ಷ ಒಬ್ಬರಿಗೂ ಹೊಳೆದಿರಲಿಲ್ಲ. ಮಕಾನದಾರರು ನನ್ನನ್ನು ಯಂತ್ರಕ್ಕೇರಿಸಿದರು. ಇಡೀ ಭಾಷಣವನ್ನು ಆಕೆ ಸೆರಗು ಬಿಗಿಹಿಡಿದು ಕೂತು ಕೇಳಿದಳು. ಚಪ್ಪಾಳೆ ಬಿತ್ತು. ಆಮೇಲೆ ಬರೀ ಗೊರಗೊರ. ಮಕಾನದಾರರ ಕೈ ಗುಂಡಿಯತ್ತ ಹೋಯಿತು. ನಿಂಬೆವ್ವ ಆ ಕೈಯನ್ನು ಹಿಡಿದುಬಿಟ್ಟಳು.

ಹಾಡು ಬರಲಿಲ್ಲ. ಕಲ್ಲು ನಿಂತ ಸದ್ದು, ಬಳೆ, ಒಂದು ಕೆಮ್ಮು. ಬಳಿಕ ಅವ್ವನ ಮಾತು: "ಸಾಕ್ರಿ ಇನ್ನ, ಹಿಟ್ಟಾತು. ಏ ನಿಂಬೀ, ಹಸಿ ಹಿಟ್ಟು ತಿನಬ್ಯಾಡ. ಬಾ ಇಲ್ಲಿ, ರೊಟ್ಟಿ ಬಡೀತೀನಿ."

"ಬಂದೆ ಬೇ ಯವ್ವಾ" ಎಂದಳು ಆ ಮುದುಕಿ, ಯಂತ್ರಕ್ಕೆ.

ಈಗ ನಾನು ತಣ್ಣಗಿನ ಕೋಣೆಯೊಂದರಲ್ಲಿದ್ದೇನೆ. ಮೈಯ ಪುಡಿ ಉದುರುತ್ತಿದೆ, ಇನ್ನು ತಿರುಗಲಾರೆ. ಸಮಾರಂಭಗಳಲ್ಲಿ ನನ್ನ ಕಂಪ್ಯೂಟರ್ ಪ್ರತಿಯನ್ನು ಕೇಳಿಸುತ್ತಾರೆ. ಭಾಷಣವಾದ ಕೂಡಲೇ ನಿಲ್ಲಿಸಬೇಕೆಂದು ಮೇಲಿನವರ ಅಪ್ಪಣೆ. ಮಕಾನದಾರರು ಒಮ್ಮೊಮ್ಮೆ ಬೇಕಂತಲೇ ಮರೆಯುತ್ತಾರೆ. ಆಗ ದೊಡ್ಡವರು ತುಂಬಿದ ಸಭೆಯಲ್ಲಿ ಒಬ್ಬ ಹೆಂಗಸು ಮಗಳನ್ನು ರೊಟ್ಟಿಗೆ ಕರೆಯುತ್ತಾಳೆ. ಕೆಲವರು ನಗುತ್ತಾರೆ, ಕೆಲವರು ಎದ್ದುಹೋಗುತ್ತಾರೆ. ಹೋಗಲಿ. ಅವರ ಚರಿತ್ರೆ ಚಪ್ಪಾಳೆಗೆ ಮುಗಿಯುತ್ತದೆ. ನಾನು ಅಲ್ಲಿಗೆ ಮುಗಿಯುವುದಿಲ್ಲ.